ಮೂರನೆಯ ಸಲ ನಿಂತ ಕಂಬ

ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ ಹೇಮಧಾರೆ ಎಂಬ ರಾಜ್ಯವಿತ್ತು. ಅಲ್ಲಿ ಅಣ್ಣ ತಮ್ಮಂದಿರಾದ ಇಬ್ಬರು ಅರಸರು ನದಿಯ ಆಚೆ ಈಚೆ ನಿಂತು ಏಳು ವರ್ಷ ಯುದ್ಧ ಮಾಡಿದರು. ಸಿಂಹಾಸನ ಒಂದು, ಅರಸರು ಇಬ್ಬರು, ಕಾರಣ ಅಷ್ಟೇ. ಕೊನೆಗೆ ಇಬ್ಬರಿಗೂ ಸಾಕಾಯಿತು.

ಆ ರಾಜ್ಯದಲ್ಲಿ ಸಂಧಿಗೆ ಒಂದು ಪದ್ಧತಿಯಿತ್ತು. ನದಿಯ ದಂಡೆಯಲ್ಲಿ ಕಲ್ಲುಕಂಬ ನೆಡಬೇಕು. ಯುದ್ಧದ ಒಂದೊಂದು ಅನ್ಯಾಯವನ್ನೂ ನೊಂದವರು ಹೇಳಬೇಕು, ಮಾಡಿದವರು 'ಹೌದು' ಎನ್ನಬೇಕು. ಒಂದೇ ಒಂದನ್ನು ಮುಚ್ಚಿಟ್ಟರೂ ಕಂಬ ಬೀಳುತ್ತದೆ. ಮೂರು ಸಲ ಬಿದ್ದರೆ ಮತ್ತೆ ಯುದ್ಧ.

ಸುಟ್ಟ ಮನೆಗಳನ್ನು ಹೇಳಿದರು. ಕಂಬ ಬಿತ್ತು. ಕದ್ದ ದನಗಳನ್ನು ಹೇಳಿದರು. ಮತ್ತೆ ಬಿತ್ತು.

ಏಕೆಂದರೆ ಸೈನಿಕರು ಹೆಂಗಸರ ಮೇಲೆ ಮಾಡಿದ ಅತ್ಯಾಚಾರವನ್ನು ಯಾರೂ ಹೇಳಿರಲಿಲ್ಲ. ಹೇಳಿದರೆ ಹೆಂಗಸರ ಮಾನ ಹೋಗುತ್ತದೆಂದು ಹಿರಿಯರು ಸುಮ್ಮನಿದ್ದರು. ಹೆಂಗಸರಿಗೂ ಹೇಳಲಾಗುತ್ತಿರಲಿಲ್ಲ. ಎರಡೂ ಕಡೆಯ ದಳಪತಿಗಳು ಧೂಮಾಕ್ಷನೆಂಬ ಮಾಂತ್ರಿಕನಿಂದ ಆ ಮಾತುಗಳನ್ನು ಒಂದು ಗಡಿಗೆಯಲ್ಲಿ ಕಟ್ಟಿಸಿಟ್ಟಿದ್ದರು. ಬೇರೆಲ್ಲ ಮಾತು ಬರುತ್ತಿತ್ತು, ಅದೊಂದು ಮಾತ್ರ ಗಂಟಲಲ್ಲೇ ನಿಲ್ಲುತ್ತಿತ್ತು.

ಕಿರಿಯ ಅರಸನ ದಂಡೆಯ ನೇಕಾರರ ಮಾಳವ್ವನೂ ನೊಂದವಳೇ. ಅವಳು ಗಡಿಗೆ ತರಲು ಮಾಂತ್ರಿಕನ ಬೆಟ್ಟ ಹತ್ತಿದಳು.

ಮೊದಲು ಹೆಬ್ಬಾವು ಅಡ್ಡ ಬಂತು. "ಹಿಂದಿರುಗು. ನಿನ್ನ ಮರ್ಯಾದೆ ಹೋಗುತ್ತೆ."

"ಹೋಗೋದು ಮಾಡಿದವನದು, ನನ್ನದಲ್ಲ," ಎಂದಳು. ಹಾವು ಸರಿಯಿತು.

ಆಮೇಲೆ ಕಾಡುಹಂದಿ ಬಂತು. "ಯಾರು ನಂಬ್ತಾರೆ ನಿನ್ನ?"

"ನನ್ನ ಹಾಗೆ ನೊಂದವರು ನಂಬ್ತಾರೆ. ಅವರೇನು ಕಡಿಮೆ ಇದ್ದಾರಾ?" ಹಂದಿ ಸರಿಯಿತು.

ಕೊನೆಗೆ ಕರಡಿ. "ನೀನು ಬಾಯಿ ಬಿಟ್ಟರೆ ಮತ್ತೆ ಯುದ್ಧ ಆಗುತ್ತೆ!"

ಮಾಳವ್ವನಿಗೆ ನಿಜಕ್ಕೂ ಭಯವಾಯಿತು. ಬಂಡೆಯ ಮೇಲೆ ಕೂತು ಯೋಚಿಸಿದಳು. "ಅಲ್ಲ ಕರಡಿಯಣ್ಣ, ಬಾಯಿ ಮುಚ್ಚಿಕೊಂಡಿದ್ದಾಗಲೇ ಕಂಬ ಎರಡು ಸಲ ಬಿತ್ತಲ್ಲ?"

ಕರಡಿ ತಲೆ ಕೆರೆದುಕೊಂಡಿತು. "ಅದೂ ಸರಿಯೇ. ಹೋಗು ತಾಯಿ."

ಮಾಳವ್ವ ಬೆಟ್ಟದ ತುದಿ ತಲುಪಿ, ಮಾಂತ್ರಿಕನ ಕಣ್ಣೆದುರೇ ಗಡಿಗೆಯನ್ನು ಎತ್ತಿ ಒಡೆದಳು. ಮುಚ್ಚಿಟ್ಟ ಮಾತೇ ಧೂಮಾಕ್ಷನ ಉಸಿರು. ಅವನು ಹೊಗೆಯಾಗಿ ಹೋದ. ಮಾತುಗಳು ಗಿಳಿಗಳಾಗಿ ಎರಡೂ ದಂಡೆಗೆ ಹಾರಿದವು.

ಮೂರನೆಯ ಸಲ ಕಂಬ ನೆಟ್ಟರು. ಮಾಳವ್ವ ಅಣ್ಣ ಅರಸನ ದಳಪತಿ ರಣಧೂಳನನ್ನು ತೋರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ಆಚೆ ದಂಡೆಯಿಂದ ಒಬ್ಬ ಮುದುಕಿ ಎದ್ದಳು. "ನಮ್ಮ ಕೇರಿಗೆ ನುಗ್ಗಿದವರು ನಿನ್ನ ಕಡೆಯವರು, ಮಗಳೇ."

ಮಾಳವ್ವನ ಕಣ್ಣು ತುಂಬಿತು. "ಅದನ್ನೂ ಹೇಳಿ, ಅಜ್ಜಿ. ನಾನು ನಿಮ್ಮ ಪಕ್ಕ ನಿಲ್ತೀನಿ."

"ಯುದ್ಧ ಅಂದಮೇಲೆ ಇದೆಲ್ಲ ಇದ್ದದ್ದೇ," ಎಂದ ರಣಧೂಳ. ಕಂಬ ವಾಲಿತು. ಜನ ಚೀರಿದರು.

"ಹೌದು ಅನ್ನೋ!" ಎಂದು ಅಣ್ಣ ಅರಸ ಗದರಿದ.

"ಮೊದಲು ನೀವು ಹೇಳಿ, ಸ್ವಾಮಿ," ಎಂದಳು ಮಾಳವ್ವ. "ನಿಮಗೆ ಗೊತ್ತಿರಲಿಲ್ಲವಾ?"

ಇಬ್ಬರು ಅರಸರೂ ಕಿರೀಟ ತೆಗೆದು ಕೆಳಗಿಟ್ಟರು. "ಹೌದು. ಗೊತ್ತಿದ್ದೂ ಸುಮ್ಮನಿದ್ದೆವು," ಎಂದರು. ಆಗ ದಳಪತಿಗಳು, ಆಮೇಲೆ ಸೈನಿಕರು, ಒಬ್ಬೊಬ್ಬರಾಗಿ ಹೌದೆಂದರು. ತಪ್ಪು ಮಾಡಿದವರು ಸೆರೆಮನೆಗೆ ನಡೆದರು. ಕಂಬ ನೆಟ್ಟಗೆ ನಿಂತಿತು.

ಆಮೇಲೆ ಆ ನದಿಗೆ ಸೇತುವೆಯಾಯಿತು. ಮುದುಕಿ ಮಾಳವ್ವನ ಮನೆಗೆ ಬಂದು ಹೋಳಿಗೆ ತಿಂದು, "ಬೆಲ್ಲ ಕಡಿಮೆಯಾಯ್ತು," ಎಂದು ರೇಗಿಸುತ್ತಿದ್ದಳು. ಎರಡೂ ದಂಡೆಯ ಜನ ಬಾಗಿಲು ತೆರೆದೇ ಊಟಕ್ಕೆ ಕೂರುತ್ತ, ನೂರು ಕಾಲ ಸುಖವಾಗಿ ಬಾಳಿದರು.