ಹಿಟ್ಟಿಗೆ ಬಿದ್ದ ಹೆಸರು

"ಯಾರ್ರೀ ನೀವು? ಇಳೀರಿ ಕೆಳಗೆ! ಅಭೀ ಕೆ ಅಭೀ!"

"ಇಳಿದ್ರೆ ಸತ್ತೇಹೋಗ್ತೀನಲ್ರೀ... ಇದು ಮೂರನೇ ಮಹಡಿ!"

ಮುಂಬಯಿಯ ವಡಾಲದಲ್ಲಿ ಸರಸ್ವತಿ ಸದನದ ಮೂರನೇ ಮಹಡಿ. ಅಡುಗೆಮನೆಯ ಕಿಟಕಿಯ ಹೊರಗೆ, ಸಜ್ಜದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕುಳಿತ ಒಬ್ಬ ಗಂಡಸು! ಒಳಗೆ, ಸೌಟನ್ನು ಕತ್ತಿಯ ಹಾಗೆ ಎತ್ತಿ ಹಿಡಿದ ವಿನೋದಿನಿ.

ಅವಳು ಕಿರುಚಿದ ಭರಕ್ಕೆ ಬಿಲ್ಡಿಂಗಿನ ಹದಿನೆಂಟು ಬಲ್ಬುಗಳು ಒಟ್ಟಿಗೆ ಸಿಡಿದವು. ಹಾರ್ಬರ್ ಲೈನಿನಲ್ಲಿ ಎರಡು ಲೋಕಲ್ ರೈಲುಗಳು ತಬ್ಬಿಬ್ಬಾಗಿ ನಿಂತವು. ಅತ್ತ ಘಾಟ್ಕೋಪರಿನಲ್ಲಿ ಯಾರದೋ ಮನೆಯ ಹಾಲು ಒಡೆಯಿತು. ಇಷ್ಟೆಲ್ಲ ನಂಬಲಾಗದವರು ಬಲ್ಬು ಹದಿನೇಳು ಎಂದುಕೊಳ್ಳಲಿ. ಅದಕ್ಕಿಂತ ಒಂದನ್ನೂ ಬಿಟ್ಟುಕೊಡಲಾಗದು.

ಯಾಕೆಂದರೆ ವಿನೋದಿನಿ ಸಾಮಾನ್ಯ ಹುಡುಗಿಯಲ್ಲ. ಮಾಟಗಾತಿ! ಅವಳ ಅಮ್ಮ ಪ್ರಫುಲ್ಲಾ ಮಾಟಗಾತಿ. ಅಜ್ಜಿ ಸೇವಂತಿಯಂತೂ ಉಡುಪಿಯಿಂದ ಮುಂಬಯಿಗೆ ಬರುವ ಹಡಗು ತಪ್ಪಿಹೋದಾಗ ಬಂದರಿನ ಕಟ್ಟೆಯ ಮೇಲೆ ನಿಂತು, "ಏಯ್, ಹಿಂದೆ ಬಾ" ಎಂದು ಹಡಗನ್ನೇ ವಾಪಸು ಕರೆಸಿದವಳು.

ಹಾಗೆಂದು ಅವರು ಕೂದಲು ಕೆದರಿಕೊಂಡು ಕುಣಿಯುವವರಲ್ಲ. ಮನೆಯಲ್ಲೇ ಒಂದು ಪುಟ್ಟ ಖಾನಾವಳಿ. ಅವರ ಮಾಟವೆಲ್ಲ ಇಡ್ಲಿ ಹಿಟ್ಟಿನಲ್ಲಿ! ರುಬ್ಬುವಾಗ ಕಲ್ಲಿನ ಮುಂದೆ ಆಡಿದ ಮಾತು ಹಿಟ್ಟಿನ ಜೊತೆ ಹುಳಿ ಬಂದು, ಉಬ್ಬಿ, ಬೆಂದು, ತಿಂದವರ ಹೊಟ್ಟೆ ಸೇರಿ ಕೆಲಸ ಮಾಡುತ್ತಿತ್ತು. ನಿದ್ದೆ ಬಾರದವರಿಗೆ ನಿದ್ದೆ, ಇಂಟರ್‌ವ್ಯೂಗೆ ಹೊರಟವರಿಗೆ ಧೈರ್ಯ.

ಆ ಕಲ್ಲಿಗೆ ಎರಡು ಕಟ್ಟಳೆ.

ಒಂದು, ರುಬ್ಬುವಾಗ ಮದುವೆಯಾಗದ ಗಂಡಸಿನ ಹೆಸರೆತ್ತಬಾರದು. ಬೈಯುವುದಕ್ಕೂ ಎತ್ತಬಾರದು! ಹೆಸರು ಹಿಟ್ಟಿಗೆ ಬಿತ್ತೆಂದರೆ, ಆ ಹೆಸರಿನವನು ಅದನ್ನು ತಿಂದನೆಂದರೆ, ಮುಗಿಯಿತು. ಅವನ ಮನಸ್ಸು ರುಬ್ಬಿದವಳಿಗೆ ಕಟ್ಟುಬಿತ್ತು.

ಎರಡು, ಮಾಟ ಬಿಡಿಸಬೇಕಾದರೆ ಮನೆಯ ಹೆಂಗಸೊಬ್ಬಳು ಅವನ ಮುಖ ನೋಡಿ ನಿಜ ಹೇಳಬೇಕು. ಹೇಳಿದ ಕ್ಷಣವೇ ಕಟ್ಟು ಬಿಚ್ಚಿಹೋಗುತ್ತದೆ.

ಇರಲಿ, ಸಜ್ಜದ ಮೇಲಿನವನ ಕಥೆಗೆ ಬರೋಣ.

"ನಾನು ಟೆಲಿಫೋನ್ ಎಕ್ಸ್‌ಚೇಂಜಿನವನು ಕಣ್ರೀ! ಕೃಷ್ಣಸ್ವಾಮಿ. ಎಲ್ಲರೂ ಕಿಟ್ಟು ಅಂತಾರೆ," ಎಂದ ಅವನು ಕಿಟಕಿಯ ಸರಳು ಹಿಡಿದುಕೊಂಡು. "ಈ ಬಿಲ್ಡಿಂಗಿನ ಅಷ್ಟೂ ಫೋನು ದಿನಾ ಸಂಜೆ ಆರಕ್ಕೆ ಗೊರಗೊರ ಅಂತವೆ. ಲೈನ್‌ಮನ್‌ಗಳು ಹೆದರಿ ಬರಲ್ಲ ಅಂದ್ರು, ಅದಕ್ಕೆ ನಾನೇ ಬಂದೆ. ಕೇಬಲ್ ಹಿಡ್ಕೊಂಡು ಬಂದ್ರೆ ತೊಂದರೆ ನಿಮ್ಮ ಅಡುಗೆಮನೇಲಿ ಬಂದು ನಿಲ್ತು. ಆರಕ್ಕೆ ಏನ್ರೀ ಮಾಡ್ತೀರಾ ಇಲ್ಲಿ?"

"ಇಡ್ಲಿಗೆ ರುಬ್ತೇವೆ! ಎಂತ, ಅದಕ್ಕೂ ಪರ್ಮಿಷನ್ ಬೇಕಾ?"

"ಇಡ್ಲಿಗೆ ರುಬ್ಬಿದ್ರೆ ಫೋನ್ ಯಾಕ್ರೀ ಕೆಡುತ್ತೆ?"

"ನಂಗೆಂತ ಗೊತ್ತು? ಎಂಜಿನಿಯರ್ ನೀವಾ, ನಾನಾ?"

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಜೇಬಿನಿಂದ ಕಟರ್ ತೆಗೆದು, ಬಹಳ ವಿನಯದಿಂದ, ಅವಳ ಮನೆಯ ಲೈನನ್ನು ಕಟ್ ಮಾಡಿದ!

"ಟೆಸ್ಟಿಂಗಿಗೆ ಅಷ್ಟೇ. ನಾಳೆ ಬೆಳಿಗ್ಗೆ ಬಂದು ಜೋಡಿಸ್ತೀನಿ."

ಹನ್ನೊಂದು ವರ್ಷ ಕಾದು ಸಿಕ್ಕಿದ್ದ ಫೋನು! ವಿನೋದಿನಿ ಎರಡು ಜಡೆ ಹಾಕಲು ಕಲಿತ ವರ್ಷ ಅರ್ಜಿ ಹಾಕಿದ್ದು!

ಆ ಸಂಜೆ ಅವಳು ರುಬ್ಬುವ ಕಲ್ಲಿನ ಮುಂದೆ ಕುಳಿತಾಗ ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು, ಅಜ್ಜಿ ತೂಕಡಿಸುತ್ತಿದ್ದಳು. ಕೋಪದಲ್ಲಿ ಕಟ್ಟಳೆ ಯಾರಿಗೆ ನೆನಪಿರುತ್ತದೆ?

"ಕಿಟ್ಟು ಅಂತೆ ಕಿಟ್ಟು! ಏನು ಶಾಣ್ಯಾ ಅಂದ್ಕೊಂಡಿದಾನೆ ಈ ಕಿಟ್ಟು? ಬರ್ಲಿ ನಾಳೆ ಕಿಟ್ಟು..."

ಒಂದು ಸೇರು ಉದ್ದಿಗೆ ನಲವತ್ತು ಸಲ! ಹಿಟ್ಟು ಎಂದೂ ಇಲ್ಲದಷ್ಟು ಉಬ್ಬಿ, ಬೆಳಿಗ್ಗೆ ಪಾತ್ರೆಯ ಮುಚ್ಚಳ ಎತ್ತಿಕೊಂಡು ಹೊರಗೆ ಇಣುಕುತ್ತಿತ್ತು.

ಕಿಟ್ಟು ಬಂದ. ಲೈನು ಜೋಡಿಸಿದ. "ತಿಂಡಿ ತಿನ್ನದೆ ಹೋಗ್ಬಾರ್ದು ಮಾರಾಯರೇ," ಎಂದು ಪ್ರಫುಲ್ಲಾ ತಟ್ಟೆ ಇಟ್ಟಳು. ಹನ್ನೆರಡು ಇಡ್ಲಿ ತಿಂದ.

ಮಾರನೇ ದಿನ ಕರೆಯದೆಯೇ ಬಂದ.

ಆಮೇಲೆ ನಾಲ್ಕು ತಿಂಗಳು ಸರಸ್ವತಿ ಸದನಕ್ಕೆ ಮುಂಬಯಿಯಲ್ಲೇ ಯಾರಿಗೂ ಇಲ್ಲದಂಥ ಟೆಲಿಫೋನ್ ಸೇವೆ ಸಿಕ್ಕಿತು. ಫೋನು ಕೆಟ್ಟರೂ ಕಿಟ್ಟು, ಕೆಡದಿದ್ದರೂ ಕಿಟ್ಟು. ಘಾಟ್ಕೋಪರಿನ ರೂಮಿನಿಂದ ಕುರ್ಲಾದಲ್ಲಿ ಗಾಡಿ ಬದಲಿಸಿ, ಬೆಳಿಗ್ಗೆ ಏಳೂವರೆಗೆ ಹಾಜರ್! ಮೈಸೂರಿನ ಹುಡುಗ, ಮಾತಿಗೆ ಮೊದಲು ನಗು. ಅಜ್ಜಿಯ ರೇಡಿಯೋ ರಿಪೇರಿ ಮಾಡಿಕೊಟ್ಟ. ವಿನೋದಿನಿಯ ಕನ್ನಡವನ್ನು ಗೇಲಿ ಮಾಡಿದ.

"ನಿಮ್ಮ ಒಂದು ವಾಕ್ಯದಲ್ಲಿ ನಾಲ್ಕು ರಾಜ್ಯ ಇರುತ್ತಲ್ರೀ!"

"ನಿಮ್ಮ ಒಂದು ವಾಕ್ಯ ಮುಗಿಯೋದ್ರೊಳಗೆ ನಂದು ಲೋಕಲ್ ಹೋಗಿರ್ತದೆ!"

ಅವಳು ಫೋರ್ಟಿನ ಆಫೀಸಿನಲ್ಲಿ ಟೈಪಿಸ್ಟ್. ಅವನು ಅವಳ ಜೊತೆ ಸ್ಟೇಷನ್ನಿನವರೆಗೆ ನಡೆಯುತ್ತಿದ್ದ. ಒಂದು ದಿನ ಅವಳ ಚಪ್ಪಲಿ ಕಿತ್ತುಹೋದಾಗ, ಏನೂ ಹೇಳದೆ ತನ್ನದನ್ನು ಬಿಟ್ಟುಕೊಟ್ಟು, ಬರಿಗಾಲಲ್ಲಿ ಡ್ಯೂಟಿಗೆ ಹೋದ. ಅವಳು ಆ ದೊಡ್ಡ ಚಪ್ಪಲಿಯಲ್ಲಿ ಇಡೀ ದಿನ ಆಫೀಸಿನಲ್ಲಿ ಟಪಟಪ ಓಡಾಡಿದಳು.

'ಅಯ್ಯೋ ದೇವರೇ... ಇವನು ನಂಗೆ ಇಷ್ಟ ಆಗಿಬಿಟ್ಟ!'

ಆ ಸಂಜೆ ಅವಳ ಮುಖ ನೋಡಿಯೇ ಅಜ್ಜಿ ವೀಳ್ಯದೆಲೆ ಮಡಚುತ್ತ ಕೇಳಿದಳು.

"ಆ ಫೋನಿನವ ಮೊದಲ ಸಲ ತಿಂದನಲ್ಲ, ಆ ಹಿಟ್ಟು ರುಬ್ಬಿದ್ದು ಯಾರು?"

"ನಾನು. ಯಾಕಜ್ಜಿ?"

"ಬಾಯಿ ಮುಚ್ಚಿಕೊಂಡು ರುಬ್ಬಿದ್ಯಾ?"

ವಿನೋದಿನಿಗೆ ಆಗ ನೆನಪಾಯಿತು. ನಲವತ್ತು ಸಲ...!

ಅಂದರೆ ಆ ಹನ್ನೆರಡು ಇಡ್ಲಿ? ಆ ನಗು? ಆ ಚಪ್ಪಲಿ? ಎಲ್ಲ... ಹಿಟ್ಟಿನದಾ?

"ಅಳುವುದೆಂತಕ್ಕೆ?" ಪ್ರಫುಲ್ಲಾ ಮಗಳ ತಲೆ ಸವರಿದಳು. "ಹುಡುಗ ಒಳ್ಳೆಯವ. ಬಾಯಿ ಬಿಡಬೇಡ, ಅಷ್ಟೇ. ನಿನ್ನ ಅಪ್ಪನ ಹೆಸರನ್ನೂ ನಾನು ಹಿಟ್ಟಿಗೆ ಹಾಕಿಯೇ ಮದುವೆಯಾದದ್ದು. ಇಪ್ಪತ್ತನಾಲ್ಕು ವರ್ಷ ಆಯ್ತು, ಒಂದು ದಿನವೂ ಹೇಳಲಿಲ್ಲ."

"ನಿಂಗೆ ಬೇಜಾರಾಗಲ್ವಾ ಅಮ್ಮಾ?"

ಪ್ರಫುಲ್ಲಾಳ ಕೈ ಮಗಳ ತಲೆಯ ಮೇಲೆಯೇ ನಿಂತಿತು. "ಅವರು ನನ್ನನ್ನು ನೋಡಿ ನಕ್ಕಾಗಲೆಲ್ಲ ಅನ್ನಿಸ್ತದೆ... ಈ ನಗು ನಂಗಾ, ಮಾಟಕ್ಕಾ ಅಂತ. ಕೇಳ್ಲಿಕ್ಕೆ ಧೈರ್ಯ ಇಲ್ಲ."

ಅಮ್ಮನ ಆ ಕಣ್ಣುಗಳನ್ನು ನೋಡಿದ ಮೇಲೆ ವಿನೋದಿನಿಗೆ ಬೇರೆ ದಾರಿಯೇ ಉಳಿಯಲಿಲ್ಲ.

ಭಾನುವಾರ ಸಂಜೆ ಫೈವ್ ಗಾರ್ಡನ್ಸ್‌ನ ಕಲ್ಲುಬೆಂಚಿನ ಮೇಲೆ ಕಿಟ್ಟುವೇ ಮೊದಲು ಬಾಯಿ ತೆರೆದ. ಕಿವಿಯೆಲ್ಲ ಕೆಂಪು.

"ವಿನೋದಿನಿಯವರೇ... ಸುತ್ತಿಬಳಸಿ ಹೇಳೋಕೆ ನಂಗೆ ಬರಲ್ಲ. ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ."

ಜಗತ್ತಿನ ಯಾವ ಹುಡುಗಿಯ ಎದೆಯೂ ಅಷ್ಟು ಜೋರಾಗಿ ಹೊಡೆದುಕೊಂಡಿರಲಾರದು. ಎದುರಿನ ಮರದ ಗಿಳಿಗಳು ಎದ್ದು ಹಾರಿದವು. ಒಂದು 'ಹೂಂ' ಅಂದಿದ್ದರೆ ಸಾಕಿತ್ತು...

ಅವಳು ಅವನ ಮುಖವನ್ನೇ ನೋಡಿದಳು. ನಿಜ ಹೇಳಿದಳು. ಕಲ್ಲು, ಹಿಟ್ಟು, ಹೆಸರು, ಕಟ್ಟು... ಎಲ್ಲ.

"ನಿಮಗೆ ನನ್ ಮೇಲೆ ಇರೋದು ಪ್ರೀತಿ ಅಲ್ಲ, ಕಿಟ್ಟು. ನಾನು ಮಾಡಿದ ತಪ್ಪು. ಈಗ ಹೇಳಿದೆ ಅಲ್ಲಾ, ಖತಮ್... ಮಾಟ ಬಿಟ್ಟುಹೋಗ್ತದೆ."

ಕಿಟ್ಟು ನಗಲಿಲ್ಲ. ಅವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ನಿಜವಾಗ್ಲೂ ನೀವು ಇದನ್ನೇ ನಂಬಿದ್ರಾ?"

"ಹೌದು."

"ಸರಿ ಹಾಗಾದ್ರೆ." ಅವನು ಎದ್ದ. "ನಾನು ಬರ್ತೀನಿ."

ತಿರುಗಿ ನೋಡದೆ ಹೋದ.

'ಬಿಚ್ಚಿಹೋಯ್ತು... ನೋಡ್ತಾ ನೋಡ್ತಾನೇ ಬಿಚ್ಚಿಹೋಯ್ತು!'

ಸೋಮವಾರ ಏಳೂವರೆಗೆ ಯಾರೂ ಬರಲಿಲ್ಲ. ಮಂಗಳವಾರವೂ ಇಲ್ಲ. ಆ ವಾರ ಅವಳು ಸುರಿಸಿದ ಕಣ್ಣೀರಿಗೆ ವಡಾಲದ ಉಪ್ಪಿನ ಗದ್ದೆಗಳಲ್ಲಿ ಎರಡು ಪಟ್ಟು ಬೆಳೆ ಬಂತು. ಇಡ್ಲಿಗಳು ಉಬ್ಬಲೇ ಇಲ್ಲ. ಖಾನಾವಳಿಗೆ ಬಂದವರೆಲ್ಲ ತಿಂದು, ಯಾಕೆಂದು ತಿಳಿಯದೆ, ಊರು ನೆನಪಾಗಿ ಬಿಕ್ಕಳಿಸಿ ಹೋದರು.

ಶುಕ್ರವಾರ ಪ್ರಫುಲ್ಲಾ ತಾನೇ ಉದ್ದು ನೆನೆಸಿ ತಂದು ಕಲ್ಲಿನ ಮುಂದಿಟ್ಟಳು.

"ಒಂದೇ ಸಲ ಹೇಳು ಮಗಾ, ಅವನ ಹೆಸರು. ಇಡ್ಲಿ ನಾನು ಎಕ್ಸ್‌ಚೇಂಜಿಗೆ ಕಳಿಸ್ತೇನೆ. ನಾಳೆ ಬೆಳಿಗ್ಗೆ ಬಾಗಿಲಲ್ಲಿ ಇರ್ತಾನೆ."

ವಿನೋದಿನಿ ಕಲ್ಲಿನ ಮುಂದೆ ಕುಳಿತಳು. ಹೆಸರು ನಾಲಿಗೆಯ ತುದಿಯವರೆಗೆ ಬಂತು. ಎಷ್ಟು ಸುಲಭ! ಎರಡೇ ಅಕ್ಷರ...

"ಬೇಡಮ್ಮಾ."

"ಯಾಕೆ ಮಾರಾಯ್ತಿ, ಯಾಕೆ?"

"ಅವನು ಬಂದು ನಕ್ಕರೆ, ನಿನ್ನ ಹಾಗೆ ನಾನೂ ಇಪ್ಪತ್ತನಾಲ್ಕು ವರ್ಷ ಡೌಟಲ್ಲಿ ಇರ್ಬೇಕಾ? ಬರದಿದ್ರೆ ಬೇಡ. ಬಂದ್ರೆ ಅವನಾಗೇ ಬರ್ಬೇಕು."

ಅವಳು ತುಟಿ ಕಚ್ಚಿಕೊಂಡು, ಒಂದು ಮಾತೂ ಆಡದೆ ರುಬ್ಬಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಗಂಟಲು ಸರಿಪಡಿಸಿಕೊಂಡ ಸದ್ದು. ಸಾಂತಾಕ್ರೂಜಿನ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ವಿನೋದಿನಿಯ ಅಪ್ಪ ಚೆನ್ನಯ ಅವತ್ತು ಬೇಗ ಬಂದಿದ್ದ. ಎಲ್ಲ ಕೇಳಿಸಿಕೊಂಡಿದ್ದ!

ಪ್ರಫುಲ್ಲಾಳ ಕೈಯಿಂದ ಚೊಂಬು ಜಾರಿತು. "ನೀವು... ಎಲ್ಲಾ..."

"ಎಂತ ಹೆದರ್ತಿ? ಇದು ನಂಗೆ ಮದುವೆಯ ಮಾರನೇ ದಿನವೇ ಗೊತ್ತುಂಟು," ಎಂದ ಚೆನ್ನಯ, ಚಪ್ಪಲಿ ಬಿಡುತ್ತ. "ನಿನ್ನ ಅಮ್ಮನೇ ಕೂರಿಸಿ ಹೇಳಿದ್ರು. 'ಕಟ್ಟು ಬಿಚ್ಚಿದ್ದೇನೆ, ಹೋಗುವುದಾದರೆ ಬಾಗಿಲು ತೆರೆದುಂಟು' ಅಂದ್ರು."

"ಮತ್ತೆ... ನೀವು ಯಾಕೆ ಹೋಗ್ಲಿಲ್ಲ?"

"ನೀನು ಒಳಗೆ ನನ್ನ ಅಂಗಿಗೆ ಗುಂಡಿ ಹೊಲೀತಿದ್ದಿ. ಅಂಗಿ ಬಿಟ್ಟು ಎಲ್ಲಿಗೆ ಹೋಗುವುದು?"

ಪ್ರಫುಲ್ಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಕ್ಕಳು. ಮತ್ತೆ ಅತ್ತಳು. ಅಜ್ಜಿ ಮಾತ್ರ ಏನೂ ತಿಳಿಯದವಳಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಅಳಿಯನನ್ನು ಪರೀಕ್ಷೆ ಮಾಡದೆ ಮಗಳನ್ನು ಕಳಿಸ್ಲಿಕ್ಕಾಗ್ತದಾ?"

ಅಮ್ಮನಿಗಾಗಿ ವಿನೋದಿನಿಗೆ ಸಂತೋಷವಾಯಿತು. ಆದರೆ ಅವಳ ಕಿಟ್ಟು ಎದ್ದು ಹೋಗಿದ್ದ...

ಮರುದಿನ, ಶನಿವಾರ. ಅರ್ಧ ದಿನದ ಆಫೀಸು. ವಡಾಲ ಸ್ಟೇಷನ್ನಿನ ಸೇತುವೆಯ ಮೇಲೆ ಇಡೀ ಮುಂಬಯಿಯೇ ಇಳಿದಂತಿದ್ದ ಗದ್ದಲ. ಆ ಜನಪ್ರವಾಹಕ್ಕೆ ಎದುರಾಗಿ, ಭುಜ ಭುಜ ತಾಗಿಸಿಕೊಂಡು, ಬೈಗುಳ ತಿನ್ನುತ್ತ ನಿಂತಿದ್ದವನು ಒಬ್ಬನೇ.

ಕಿಟ್ಟು!

ಗಡ್ಡ ಬಂದಿತ್ತು. ಕಣ್ಣು ಬಸವಳಿದಿತ್ತು.

"ಫೋನ್... ಸರಿ ಉಂಟು," ಎಂದಳು ಅವಳು. ಬೇರೇನೂ ಹೊಳೆಯಲಿಲ್ಲ.

"ಗೊತ್ತು. ನಾನು ಆರು ದಿನ ಕೋಪ ಮಾಡ್ಕೊಂಡಿದ್ದೆ. ಇನ್ನು ಆಗ್ಲಿಲ್ಲ. ಬಂದೆ."

"ಮಾಟ ಮಾಡಿದ್ದಕ್ಕೆ ಕೋಪ ಬಂದೇ ಬರ್ತದೆ..."

"ಮಾಟ ಹಾಳಾಗ್ಲಿ ಕಣ್ರೀ!" ಅವನು ಸೇತುವೆಯ ಕಂಬಿಗೆ ಗುದ್ದಿದ. "ನಂಗೆ ಪ್ರೀತಿ ಮಾಡೋಕೇ ಬರಲ್ಲ, ಇಡ್ಲಿ ಹಿಟ್ಟು ಹೇಳ್ಕೊಡ್ಬೇಕು ಅಂದ್ಕೊಂಡ್ರಲ್ಲ, ಅದಕ್ಕೆ ಕೋಪ! ನಿಮ್ಮ ಜಡೆ ನೋಡಿ ನಾನು ಸ್ಟೇಷನ್ ಮರೆತಿದ್ದು, ನಿಮಗೆ ಜ್ವರ ಬಂದಾಗ ನಾನು ಅನ್ನ ಬಿಟ್ಟಿದ್ದು, ಎಲ್ಲಾ ಉದ್ದಿನಬೇಳೆ ಲೆಕ್ಕಕ್ಕೆ ಹಾಕ್ಬಿಟ್ರಿ!"

ವಿನೋದಿನಿಯ ಕಣ್ಣು ತುಂಬಿತು. "ಮತಲಬ್... ಅಂದ್ರೆ, ಬಿಟ್ಟುಹೋಗ್ಲಿಲ್ವಾ?"

"ನಾನೂ ಕಾದೆ. ಇವತ್ತು ಬಿಡುತ್ತೆ, ನಾಳೆ ಬಿಡುತ್ತೆ ಅಂತ. ನಿಮ್ಮನೆ ನೀರೂ ಕುಡಿದಿಲ್ಲ. ಕಂಬ ಹತ್ತಿ ನಿಂತ್ರೂ ಯಾವ ಕಡೆ ವಡಾಲ ಅಂತ ಹುಡುಕ್ತಿದ್ದೆ. ಕೊನೆಗೆ ನೆನ್ನೆ ಮೈಸೂರಿಗೆ ಟ್ರಂಕ್ ಕಾಲ್ ಮಾಡಿ ಅಮ್ಮನಿಗೆ ಹೇಳೇಬಿಟ್ಟೆ, ಹುಡುಗಿ ಮಾಟಗಾತಿ ಅಂತ."

"ಅಯ್ಯೋ! ಏನಂದ್ರು?"

"'ಅದಿರ್ಲಿ, ಕನ್ನಡದೋಳೇ ತಾನೇ?' ಅಂದ್ರು. ಹೌದು ಅಂದೆ. 'ಸದ್ಯ, ಬದುಕಿದೆ!' ಅಂದ್ರು."

ಅಳುತ್ತಲೇ ಅವಳು ನಕ್ಕಳು. ಆ ನಗುವಿಗೆ ಸ್ಟೇಷನ್ನಿನಲ್ಲಿ ಕೆಟ್ಟು ನಿಂತಿದ್ದ ಮೂರು ಗಡಿಯಾರಗಳು ಒಟ್ಟಿಗೆ ನಡೆಯತೊಡಗಿದವು. ನೋಡಿದವರು ಇನ್ನೂ ಇದ್ದಾರೆ.

"ಮನೆಗೆ ಬನ್ನಿ. ಅಮ್ಮ ಬಿಸಿ ಇಡ್ಲಿ..."

"ಊಹೂಂ, ಇವತ್ತು ಬೇಡ." ಅವನು ಅವಳ ಕೈಚೀಲವನ್ನು ತಾನು ತೆಗೆದುಕೊಂಡ. "ಮೊದಲು ಆ ಮೂಲೆ ಅಂಗಡೀಲಿ ಒಂದು ಚಹಾ ಕುಡಿಯೋಣ. ಮಾಟ, ಮಂತ್ರ ಏನೂ ಇಲ್ಲದ್ದು."

"ಬಹಳ ಸಪ್ಪೆ ಇರ್ತದೆ ಅಲ್ಲಿ."

"ಇರ್ಲಿ ಬಿಡಿ. ಎದುರಿಗೆ ನೀವು ಕೂತಿರ್ತೀರಲ್ಲ."