ಹದಿನಾಲ್ಕನೆಯ ಕೋವಿ

ಪುಸ್ತಕ ಕೈಗೆ ಬಂದೊಡನೆ ಓರಿನ್ ಹಾಗನ್ ಹುಡುಕಿದ್ದು ತನ್ನ ಹೆಸರನ್ನು. ಹೆಸರಿರಲಿಲ್ಲ. ಕೊನೆಯ ಪುಟದಲ್ಲಿ ‘ಊರಿನ ಕೋವಿ ರಿಪೇರಿಯವರೊಬ್ಬರಿಗೆ ಕೃತಜ್ಞತೆ’ ಎಂದಿತ್ತು. ಇನ್ನೂರು ವರ್ಷದ ಹಿಂದೆ ಕ್ಯಾಪ್ಟನ್ ಪೆನ್‌ವಿಕ್‌ನ ತಂಡ ಮೊಂಟಾನಾದ ಬೆಟ್ಟಗಳನ್ನು ದಾಟಿದಾಗ ಹೊತ್ತಿದ್ದ, ಒಂದೊಂದರಲ್ಲಿ ಒಂದೊಂದು ಕಡೆ ಕ್ರಮಾಂಕ ಅಚ್ಚೊತ್ತಿದ್ದ ಹದಿನಾಲ್ಕು ಕೋವಿಗಳಲ್ಲಿ ಹದಿಮೂರನ್ನು ಪತ್ತೆಹಚ್ಚಿದವನು ಅವನು. ಮೂವತ್ತು ವರ್ಷದ ಟಿಪ್ಪಣಿಗಳನ್ನು ಮ್ಯೂಸಿಯಂನ ಲೆನೋರಾ ಪ್ರಾಟ್‌ಳನ್ನು ನಂಬಿ ಕೊಟ್ಟಿದ್ದ. ಅವಳು ಅವುಗಳಿಂದಲೇ ಈ ಪುಸ್ತಕ ಬರೆದಿದ್ದಳು. ಹದಿನಾಲ್ಕನೆಯದು ಹೊಳೆ ದಾಟುವಾಗ ಕಳೆದುಹೋಗಿತ್ತು. ಎಷ್ಟು ಅಲೆದರೂ ಅವನಿಗೆ ಸಿಕ್ಕಿರಲಿಲ್ಲ.

ಈಗ ಅದನ್ನು ತಾನೇ ಹುಟ್ಟಿಸುವುದೆಂದು ನಿಶ್ಚಯಿಸಿದ. ಲೆನೋರಾ ಅದನ್ನು ಅಸಲಿ ಎನ್ನಬೇಕು, ಊರು ಚಪ್ಪಾಳೆ ತಟ್ಟಬೇಕು, ಆಮೇಲೆ ಅವಳ ಮಾನ ಹೋಗಬೇಕು.

ಆತುರಪಡಲಿಲ್ಲ. ಆ ಹೊಳೆಯ ದಂಡೆಯಲ್ಲೇ ಮುದುಕಿ ಇಂಗಾಳ ದನದ ಹಟ್ಟಿ. ಬಾಗಿಲು ರಿಪೇರಿಯ ನೆಪದಲ್ಲಿ ಹೋಗಿ, ಹಿತ್ತಿಲ ಗುಜರಿ ರಾಶಿಯಿಂದ ತುಕ್ಕು ತಿಂದ ಹಳೆ ಕೋವಿಯ ನಳಿಗೆಯೊಂದನ್ನು ಎತ್ತಿಕೊಂಡು ಬಂದ. ಆ ಕಾಲದ್ದೇ, ಆ ಮಣ್ಣಿನದೇ ಕಬ್ಬಿಣ, ಯಾರೂ ಅನುಮಾನಿಸಲಾರರು. ಹಾಳು ಚರ್ಚಿನ ಬೆಂಚಿನ ಅಕ್ರೋಟು ಮರದಿಂದ ಹಿಡಿ ಕೆತ್ತಿದ. ನಳಿಗೆಯ ಮೇಲ್ಬದಿಗೆ ೧೪ ಎಂದು ಅಚ್ಚು ಹೊಡೆದು ಉಪ್ಪು, ವಿನೆಗರ್ ಸವರಿದ. ಹಿಡಿಯ ಬುಡದ ಹಿತ್ತಾಳೆ ತಗಡಿನಡಿ ಕೋವಿ ಈಗಿನದೆಂದು ಸಾಬೀತುಪಡಿಸಲು ಹೊಸ ಪೆನ್ನಿ ನಾಣ್ಯವೊಂದನ್ನು ಇಟ್ಟ. ಚರ್ಮ ಸುತ್ತಿ ಹಟ್ಟಿಯ ಗೋಡೆಯ ಸಂದಿಗೆ ತುರುಕಿದ. ಹಲಗೆ ಬದಲಿಸುವಾಗ ಸಿಕ್ಕಿತೆಂದು ಇಂಗಾ ತಾನಾಗಿಯೇ ಮ್ಯೂಸಿಯಂಗೆ ಒಯ್ದಳು.

ಮ್ಯೂಸಿಯಂನಲ್ಲಿ ಅದರ ಪ್ರದರ್ಶನದ ಮಧ್ಯಾಹ್ನ ಜನ ಕಿಕ್ಕಿರಿದಿದ್ದರು. ಓರಿನ್ ನೇರ ಮುಂದೆ ಹೋದ.

“ಬುಡದ ತಗಡು ಬಿಚ್ಚಿ ಲೆನೋರಾ. ಇಡೀ ಊರು ನೋಡ್ಲಿ. ಈ ಕೋವಿ ಮಾಡಿದ್ದು ನಾನು!”

ಲೆನೋರಾ ಸ್ಕ್ರೂ ಬಿಚ್ಚಿದಳು. ಪೆನ್ನಿ ಟಣ್ಣೆಂದು ಬಿತ್ತು. ಯಾರೋ ಕಿಸಕ್ಕೆಂದರು. ಆದರೆ ಅವಳ ಮುಖ ಕಪ್ಪಿಡಲಿಲ್ಲ.

“ಓ, ನೀವಾ? ಮರ ನಕಲಿ ಅಂತ ಮೊದಲ ದಿನಾನೇ ಗೊತ್ತಾಯ್ತು. ಕೋವಿ ಪಕ್ಕದ ಚೀಟೀಲೂ ಬರ್ದಿದೀನಿ, ಓದ್ಲಿಲ್ವಾ? ಮೇಲಿನ ಅಂಕಿನೂ ಸುಳ್ಳೇ. ನಳಿಗೆ ಮಾತ್ರ ಸುಳ್ಳಲ್ಲ.”

“ಅದು ಗುಜರಿ ಕಣ್ರೀ!”

“ಕೆಳಗಡೆ ಯಾರೋ ಅರ ಹಾಕಿ ಉಜ್ಜಿದ್ರು. ಆಸಿಡ್ ಸವರಿದ್ವಿ. ಅಚ್ಚಿನ ಏಟು ತಿಂದ ಕಬ್ಬಿಣ ಮರೆಯಲ್ಲ ನೋಡಿ, ಮಸಕಾಗಿ ಅಂಕಿ ಎದ್ದು ಬಂತು. ಕ್ಯಾಪ್ಟನ್ ಅಚ್ಚಿನದೇ ಹದಿನಾಲ್ಕು.” ಅವಳ ದನಿ ಇಳಿಯಿತು. “ಉಜ್ಜಿದ್ದೂ ನೀವೇನಾ, ಓರಿನ್?”

ಅವನಿಗೆ ನಳಿಗೆ ಮರದಲ್ಲಿ ಸರಿಯಾಗಿ ಕೂರಲೆಂದು ಅಡಿಭಾಗ ಉಜ್ಜಿದ ಆ ದಿನ ನೆನಪಾಯಿತು. ತುಕ್ಕಿನಡಿ ಹೆಬ್ಬೆರಳಿಗೆ ಏನೋ ತಗ್ಗು ತಾಕಿತ್ತು. ತುಕ್ಕು ತಿಂದ ಕುಳಿಯಿರಬೇಕೆಂದುಕೊಂಡು ಅರವನ್ನು ಇನ್ನೊಮ್ಮೆ ಬಲವಾಗಿ ಎಳೆದಿದ್ದ. ಕನ್ನಡಕ ಅಲ್ಲೇ ಮೇಜಿನ ಮೇಲಿತ್ತು, ಹಾಕಿಕೊಂಡಿರಲಿಲ್ಲ.