ಯಮನವ್ವ ಹೇಳದ ಹೆಸರು

ದೀಪ ಹಚ್ಚುವ ಹೊತ್ತಿಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ನೆರೆಮನೆಯ ಅಲ್ಲವ್ವನ ಕೈಯಿಂದ ಬಟ್ಟಲು ಜಾರಿ ಬಿತ್ತು. ಮೂಡಲಗಿಯ ಆ ಮನೆಯ ಒಲೆಯ ಮುಂದೆ ಮುದುಕಿ ಯಮನವ್ವ ಬೋರಲು ಬಿದ್ದಿದ್ದಳು. ತಲೆಯ ಹಿಂದೆ ರಕ್ತ. ಕೊರಳಲ್ಲಿ ಸದಾ ಇರುತ್ತಿದ್ದ ತವರಿನ ಚಿನ್ನದ ಬೋರಮಾಳ ಇಲ್ಲ! ಒಲೆಯ ಮೇಲೆ ಹಾಲು ಉಕ್ಕಿ, ಸೀದು ನಾರುತ್ತಿತ್ತು.

ಗಟ್ಟಿ ಜೀವ, ಮುದುಕಿ ಬದುಕಿಕೊಂಡಳು. ಆದರೆ ಹೊಡೆದವರು ಯಾರು? ಒಲೆಗೆ ಕಟ್ಟಿಗೆ ಒಟ್ಟಿದ್ದಷ್ಟೇ ಅವಳಿಗೆ ನೆನಪು.

ಹೇಳಲು ಇನ್ನೊಬ್ಬನಿದ್ದ. ಅದೇ ಮನೆಯ ಮುಂದಿನ ಖೋಲಿ ಬಾಡಿಗೆ ಹಿಡಿದು ದನದ ಹಿಂಡಿ ಮಾರುತ್ತಿದ್ದ ಪರಶುರಾಮ. ‘ಶಿದ್ಲಿಂಗಾ, ಬ್ಯಾಡೋ ಶಿದ್ಲಿಂಗಾ!’ ಎಂದು ಮುದುಕಿ ಚೀರಿದ್ದನ್ನು ಕೇಳಿದೆ, ಮೊಮ್ಮಗ ಶಿದ್ಲಿಂಗ ಹಿತ್ತಲಿನಿಂದ ಓಡಿದ್ದನ್ನು ಕಂಡೆ ಎಂದ. ಸಂಕೇಶ್ವರದ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಶಿದ್ಲಿಂಗ ಅಂದೇ ಊರಿಗೆ ಬಂದಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು. ಹುಡುಗ ಜೈಲು ಸೇರಿದ. ಬೋರಮಾಳ ಮಾತ್ರ ಸಿಗಲಿಲ್ಲ.

ಗೋಕಾಕದ ಕೋರ್ಟಿನಲ್ಲಿ ದಾಕ್ಷಾಯಿಣಿ ವಕೀಲರು ಎದ್ದು ನಿಂತರೆ ಸಾಕ್ಷಿಗಳ ಗಂಟಲು ಒಣಗುತ್ತಿತ್ತು. ಶಿದ್ಲಿಂಗನ ಪರ ನಿಂತ ಈ ಕೇಸಿನಲ್ಲಿ ಒಣಗಿದ್ದು ಅವಳದೇ ಗಂಟಲು. ಹುಡುಗ ನಿರಪರಾಧಿ ಎಂದು ಅವಳ ಮನಸ್ಸು ಹೇಳುತ್ತಿತ್ತು. ಮನಸ್ಸು ಹೇಳಿದ್ದನ್ನು ಯಾವ ಕೋರ್ಟು ಕೇಳುತ್ತದೆ?

ಅದರ ಮೇಲೆ ಯಮನವ್ವನ ಸಾಕ್ಷಿ ಬೇರೆ! ಸರಕಾರಿ ವಕೀಲರು ಕಟಕಟೆಯತ್ತ ಕೈ ತೋರಿಸಿ ಕೇಳಿದರು:

“ಅಲ್ಲಿ ನಿಂತಾನಲ್ಲ, ಇಂವಾ ಯಾರವಾ?”

“ನಮ್ಮ ಹುಡುಗ್ರಿ. ಮಗನ ಮಗಾ.”

“ಹೆಸರು?”

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹೆಸರ ಹೇಳವಾ. ಅಂಜಬ್ಯಾಡ.”

“ನಿಮ್ಮ ಕಾಗದದಾಗ ಐತೆಲ್ರಿ. ಓದ್ಕೋರಿ.”

ಜನ ಗೊಳ್ಳೆಂದರು. ಸರಕಾರಿ ವಕೀಲರು ನಗಲಿಲ್ಲ. “ಸ್ವಾಮಿ, ಈಕೆ ಆರೋಪಿಯ ಹೆಸರೆತ್ತಲೂ ಹೆದರುತ್ತಿದ್ದಾಳೆ. ಗಮನಿಸಬೇಕು.” ನ್ಯಾಯಾಧೀಶರು ಬರೆದುಕೊಂಡರು. ದಾಕ್ಷಾಯಿಣಿ ಹಲ್ಲು ಕಚ್ಚಿದಳು.

ಭಾನುವಾರ ಅವಳು ನೇರ ಮೂಡಲಗಿಯ ಬಸ್ಸು ಹತ್ತಿದಳು.

“ಆಯೀ, ಖರೆ ಹೇಳ್ರಿ. ಹುಡುಗನ ಮ್ಯಾಲ ನಿಮಗ ಸಂಶಯ ಐತೇನು?”

“ಯಾರಂದ್ರು? ನಾಲಿಗಿ ಕಿತ್ತೇನ ಅವರದು! ನನ್ನ ಸಾವ್ಕಾರ ಅಂವಾ.”

“ಯಾವ ಸಾವ್ಕಾರ?”

“ಅಂವಾನ. ಹುಟ್ಟಿದಾಗಿಂದ ನಾ ಹಂಗ ಕರೀತೇನಿ. ಯವ್ವಾ, ಜೈಲಿನ್ಯಾಗ ಸಜ್ಜಿ ರೊಟ್ಟಿ ಕೊಡಾಕ ಬಿಡ್ತಾರೇನ?”

ದಾಕ್ಷಾಯಿಣಿ ತಲೆಯೆತ್ತಿದ್ದಳು. ಅವಳ ಕಣ್ಣು ಗೋಡೆಯ ಮೇಲಿತ್ತು. ರುಮಾಲು ಸುತ್ತಿ ವಿಭೂತಿ ಧರಿಸಿದ ಹಿರಿಯರ ಫೋಟೋ. ಕೆಳಗೆ ಅವರ ಹೆಸರು. ಓದಿದಳು. ಮತ್ತೊಮ್ಮೆ ಓದಿದಳು. ಚಹಾದ ಕಪ್ಪು ಕೆಳಗಿಟ್ಟು ಜೋರಾಗಿ ನಕ್ಕುಬಿಟ್ಟಳು.

“ಆಯೀ, ಈ ಫೋಟೋ ನನಗ ನಾಕ ದಿನ ಕೊಡ್ರಿ!”

ಮುಂದಿನ ತಾರೀಖಿಗೆ ಪರಶುರಾಮ ಸಾಕ್ಷಿ ಹೇಳಲು ಬಂದ. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಪಾಟೀಸವಾಲಿಗೆ ದಾಕ್ಷಾಯಿಣಿ ಎದ್ದಳು.

“ಆ ಮನಿಯಾಗ ಬಾಡಿಗಿ ಬಂದು ಎಷ್ಟ ದಿನ ಆಗಿತ್ರಿ?”

“ವರ್ಷ ಆಗಾಕ ಬಂದಿತ್ರಿ.”

“ಶಿದ್ಲಿಂಗನ ಗುರ್ತು ಹೆಂಗ?”

“ಒಂದೆರಡ ಸಲ ಊರಿಗಿ ಬಂದಾಗ ನೋಡಿದ್ಯಾ. ಗೆಳ್ಯಾರು ಹೆಸರ ಹಿಡದ ಕೂಗತಿದ್ರು.”

“ಮುದುಕಿ ಚೀರಿದ್ದು? ಸ್ವಂತ ಕಿವಿಲೆ ಕೇಳೀರಿ?”

“ಕೇಳೇನ್ರಿ. ಆಣಿ ಮಾಡಿ ಹೇಳ್ತೇನಿ.”

“ಬ್ಯಾರೆ ಏನರ ಅಂದಿರಬಹುದು?”

“ಇಲ್ರಿ! ‘ಶಿದ್ಲಿಂಗಾ’ ಅಂತ ಸಾಫ್ ಕೇಳಿಸ್ತು. ಎರಡ ಸಲ!”

ದಾಕ್ಷಾಯಿಣಿಗೆ ಬೇಕಾಗಿದ್ದೂ ಅದೇ.

“ಹಂಗಾರ ಇದೊಂದು ಹೇಳ್ರಿ. ಯಮನವ್ವನ ಗಂಡನ ಹೆಸರೇನು?”

“ಅವ್ರು ಸತ್ತ ಎಷ್ಟೋ ವರ್ಷ ಆತಂತ್ರಿ. ನನಗೇನ ಗೊತ್ತು?”

“ಗೊತ್ತಿಲ್ಲ! ಗೊತ್ತಿದ್ರ ಈ ಸುಳ್ಳ ಹೇಳ್ತಿರಲಿಲ್ಲ.”

ಅವಳು ಫೋಟೋವನ್ನು ನ್ಯಾಯಾಧೀಶರ ಮುಂದಿಟ್ಟಳು. ಅವರು ಮೈಸೂರು ಕಡೆಯವರು; ಕನ್ನಡಕ ಸರಿಪಡಿಸಿಕೊಂಡು ಓದಿದರು. “ಶಿದ್ಲಿಂಗಪ್ಪ... ಇದು ಆರೋಪಿಯ ಹೆಸರಲ್ಲವೆ?”

“ಅಜ್ಜನ ಹೆಸರು ಸ್ವಾಮಿ. ಅದನ್ನೇ ಮೊಮ್ಮಗನಿಗೆ ಇಟ್ಟಿದ್ದಾರೆ, ನಮ್ಮ ಕಡೆಯ ರೂಢಿ. ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಗಂಡ ಸತ್ತ ಮೇಲೂ ಹೇಳುವುದಿಲ್ಲ. ಅದಕ್ಕೇ ಈ ತಾಯಿ ಮೊಮ್ಮಗನನ್ನು ತೊಟ್ಟಿಲಿನಿಂದಲೂ ‘ಸಾವ್ಕಾರ’ ಎಂದು ಕರೆದಿದ್ದಾಳೆ. ಬೀದಿಗೆ ಬೀದಿಯೇ ಸಾಕ್ಷಿ. ಮೊನ್ನೆ ಇಲ್ಲಿ ಇವಳ ಬಾಯಿ ಕಟ್ಟಿದ್ದು ಹೆದರಿಕೆಯಲ್ಲ, ಗಂಡನ ಹೆಸರು!”

“ಪ್ರಾಣಭಯದಲ್ಲಿ ಬಾಯಿ ತಪ್ಪಿರಬಹುದಲ್ಲ?” ನ್ಯಾಯಾಧೀಶರು ಕೇಳಿದರು.

“ಪ್ರಾಣಭಯದಲ್ಲಿ ನಾಲಿಗೆಗೆ ಬರುವುದು ದಿನಾ ಕೂಗುವ ಹೆಸರು ಸ್ವಾಮಿ. ಮೇಲಾಗಿ ಏಟು ಹಿಂದಿನಿಂದ ಬಿದ್ದಿದೆ, ಒಂದೇ ಏಟಿಗೆ ಎಚ್ಚರ ತಪ್ಪಿದೆ ಎಂದು ಡಾಕ್ಟರೇ ಹೇಳಿದ್ದಾರೆ. ಚೀರಾಟವೇ ನಡೆದಿಲ್ಲ! ನಡೆಯದ ಚೀರಾಟ ಯಾರಿಗೆ ಬೇಕಾಗಿತ್ತು? ಏಟು ಹಾಕಿದವನಿಗೆ. ಬೋರಮಾಳಕ್ಕಾಗಿ ಹುಡುಗನ ಗ್ಯಾರೇಜು, ಟ್ರಂಕು, ಹಿತ್ತಲು ಎಲ್ಲ ಜಾಲಾಡಿದರು. ಈ ಪರಶುರಾಮನ ಅಂಗಡಿಯೊಳಗೆ ಮಾತ್ರ ಯಾರೂ ಕಾಲಿಡಲಿಲ್ಲ.”

“ನನ್ನ ಹಿಂಡಿ ಚೀಲಾ ಯಾಕ ಬಿಚ್ಚಸ್ತೀರಿ?” ಪರಶುರಾಮ ಅರಚಿದ.

ಕೋರ್ಟಿನ ಕಣ್ಣೆಲ್ಲ ಅವನತ್ತ ತಿರುಗಿದವು. ಚೀಲದ ಮಾತನ್ನು ಯಾರೂ ಎತ್ತಿರಲಿಲ್ಲ.

ದಾಕ್ಷಾಯಿಣಿ ನಿಧಾನಕ್ಕೆ ಕುರ್ಚಿಯಲ್ಲಿ ಕುಳಿತಳು. “ನನ್ನ ಸವಾಲು ಮುಗಿದವು ಸ್ವಾಮಿ.”

ನ್ಯಾಯಾಧೀಶರ ಆದೇಶ ಹಿಡಿದು ಪೊಲೀಸರು ಅಂದೇ ಅಂಗಡಿ ಶೋಧಿಸಿದರು. ಅಡಿಯಲ್ಲಿದ್ದ ಹಿಂಡಿ ಚೀಲ ಸುರಿದರೆ ಬೋರಮಾಳ ಉದುರಿತು. ಮಾರಲು ಧೈರ್ಯ ಸಾಲದೆ, ಕೇಸು ಮುಗಿಯಲೆಂದು ಕಾದಿದ್ದನಂತೆ. ಹುಡುಗ ಹೊರಬಂದ ಕಟಕಟೆಗೆ ಪರಶುರಾಮನೇ ಹೊಕ್ಕ.

ಬಿಡುಗಡೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ಯಮನವ್ವ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಮೊಮ್ಮಗನನ್ನು ಕಂಡದ್ದೇ ತಡ, ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು: “ಸಾವ್ಕಾರಾ! ಎಷ್ಟ ಸೊರಗಿಯೋ ನನ್ನಪ್ಪಾ!” ಹುಡುಗ ಅವಳ ಹೆಗಲಿಗೆ ತಲೆಯಿಟ್ಟು ಅತ್ತ. ಸರಕಾರಿ ವಕೀಲರೂ ನಿಂತು ನೋಡಿದರು.

ದಾಕ್ಷಾಯಿಣಿಗೂ ಕಣ್ಣು ತುಂಬಿತ್ತು. ಅದನ್ನು ಮುಚ್ಚಲು ಮುದುಕಿಯನ್ನು ಕೆಣಕಿದಳು. “ಆಯೀ, ಕೇಸ್ ಗೆದ್ದೇವಿ. ಈಗರ ಒಮ್ಮೆ ಅವನ ಹೆಸರ ಹೇಳ್ರಿ!”

ಯಮನವ್ವ ಸೆರಗು ಬಾಯಿಗೆ ಹಿಡಿದು, ಹೊಸ ಮದುಮಗಳಂತೆ ನಾಚಿದಳು.

“ಜಜ್‌ಸಾಹೇಬ್ರ ಕಾಗದದಾಗ ಬರದೈತೆಲ್ಲ, ಓದ್ಕೋ ನಮ್ಮವ್ವಾ.”